ನಮ್ಮ ಗಣಿತದ ಪತ್ತೇದಾರ

ಗಣಿತದ ದೊಡ್ಡ ಪರೀಕ್ಷೆಗೆ ಒಟ್ಟಿಗೆ ಓದುತ್ತಿದ್ದ ನಮ್ಮ ಗುಂಪಿನಲ್ಲಿ ಒಬ್ಬನನ್ನು ಪತ್ತೇದಾರ ಎಂದೇ ಕರೆಯುತ್ತಿದ್ದೆವು. ಯಾರಾದರೂ ಆಕಳಿಸಿದರೆ, "ಮನೇಲಿ ಕದ್ದು ಓದಿದ್ದೀಯ, ಅಲ್ವಾ?" ಎನ್ನುತ್ತಿದ್ದ. ಲೆಕ್ಕ ಬೇಗ ಬಿಡಿಸಿದರೆ ಅವನ ಮೂಗಿಗೆ ಬೇರೆ ಟ್ಯೂಷನ್ನಿನ ವಾಸನೆ ಬಡಿಯುತ್ತಿತ್ತು. ತಪ್ಪು ಮಾಡಿದರೆ ಅದೂ ನಾಟಕವೇ. ಎಲ್ಲರಿಗಿಂತ ಚುರುಕಾಗಿದ್ದ ಹುಡುಗಿ ಒಂದು ವಾರ ಬರದೇ ಹೋದಾಗ, "ಒಬ್ಬಳೇ ಓದಿ ನಮಗೆಲ್ಲ ಟೋಪಿ ಹಾಕ್ತಾಳೆ, ನೋಡ್ತಿರು" ಎಂದು ನನ್ನನ್ನು ಅವಳ ಮನೆಗೇ ಎಳೆದುಕೊಂಡು ಹೋದ. ಅವಳ ಅಮ್ಮ ಕಾಲು ಮುರಿದುಕೊಂಡು ಮಲಗಿದ್ದರು. ಪಾತ್ರೆಯ ರಾಶಿಯ ಮುಂದೆ ನಿಂತಿದ್ದ ಅವಳು, "ನಾನು ಪರೀಕ್ಷೆಗೆ ಕೂರಲ್ಲ ಕಣೋ" ಎಂದಳು. ಅವನು ಅವಳ ಮುಖವನ್ನು ಬಹಳ ಹೊತ್ತು ಅನುಮಾನದಿಂದಲೇ ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ, "ನೀನು ಲೆಕ್ಕ ಮಾಡು, ಇದನ್ನ ನನಗೆ ಬಿಡು" ಎಂದು ಅವಳ ಕೈಯಿಂದ ಬಾಣಲೆ ತೆಗೆದುಕೊಂಡ. ಪರೀಕ್ಷೆ ಮುಗಿಯುವವರೆಗೂ ಆ ಮನೆಯ ಪಾತ್ರೆ ತೊಳೆದವನು ಅವನೇ.