ಮೂಲೆಯ ಚೌಕದವನು

ಗುಂಡನನ್ನು ನೋಡಿದರೆ, ಆ ಹೆಸರಿಟ್ಟವರಿಗೆ ಕಣ್ಣು ಸರಿಯಿತ್ತೋ ಇಲ್ಲವೋ ಅನ್ನಿಸುತ್ತದೆ. ಕಡ್ಡಿಯಂಥ ಆಳು, ಐವತ್ತರ ಆಸುಪಾಸು, ತಲೆ ಪೂರ್ತಿ ಬೋಳು. ಹುಟ್ಟಿದಾಗ ದುಂಡದುಂಡಗಿದ್ದನಂತೆ. ಎತ್ತಿ ಆಡಿಸಿದ ಅಕ್ಕ ಹಾಗೆ ಕರೆದಳು, ಹೆಸರು ಅಂಟಿಕೊಂಡಿತು. ಆಫೀಸಿನಲ್ಲಿ ಮಾತ್ರ ಅವನು ‘ಬಾಣದ ಸಾರ್’.

ಬಾಣ ಅವನ ಹೊಟ್ಟೆಪಾಡು. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ ಅವನ ಆಫೀಸು. ಬಳಸುವವರಿಗೆ ‘ಮೊದಲು ಇಲ್ಲಿ ಒತ್ತಿ, ಆಮೇಲೆ ಅಲ್ಲಿ ಒತ್ತಿ’ ಅಂತ ತೋರಿಸುವ ಪುಟಗಳನ್ನು ಗುಂಡ ತಯಾರಿಸುತ್ತಾನೆ. ಕಂಪ್ಯೂಟರಿನಲ್ಲಿ ಸ್ಕ್ರೀನ್‌ಶಾಟ್ ತೆಗೆಯುವ ಒಂದು ಸಾಧನವಿದೆ. ಕೀಲಿ ಒತ್ತಿ ಪರದೆಯ ಚಿತ್ರ ಹಿಡಿಯುವುದು, ಬೇಡದ ಅಂಚು ಕತ್ತರಿಸುವುದು, ರೋಗಿಗಳ ಹೆಸರಿನ ಮೇಲೆ ಮಬ್ಬು ಬಳಿಯುವುದು, ಒತ್ತಬೇಕಾದ ಕಡೆಗೆ ಕೆಂಪು ಬಾಣ ಎಳೆಯುವುದು, ಲಿಂಕ್ ಕಳಿಸುವುದು. ಅಷ್ಟೇ ಕೆಲಸ. ಆದರೆ ‘ಅಷ್ಟೇ’ ಅಂತ ಅವನೆದುರು ಅಂದೀರಿ ಜೋಕೆ! ಒಮ್ಮೆ ಯಾರೋ ಚಿತ್ರದ ಮೂಲೆಯಲ್ಲಿ ಪರದೆಯ ಗಡಿಯಾರ ಬಿಟ್ಟಿದ್ದಕ್ಕೆ ಊಟದ ಹೊತ್ತೆಲ್ಲ ಪಾಠ ಮಾಡಿದ್ದ. “ಓದೋರಿಗೆ ಬೇಡದ್ದು ಚಿತ್ರದಲ್ಲಿ ಯಾಕ್ರೀ ಇರ್ಬೇಕು?”

ಮದುವೆ ಆಗಲಿಲ್ಲ. ಯಾಕೆ ಅಂದರೆ ಯಾಕೂ ಇಲ್ಲ, ಆಗಲಿಲ್ಲ. ಬಾಡಿಗೆಯ ಒಂದು ಕೋಣೆ, ಗೋಡೆಯಿಂದ ಗೋಡೆಗೆ ಬಟ್ಟೆ ಒಣಹಾಕುವ ಹಗ್ಗ, ಒಂದು ಮೇಜು, ಒಂದೇ ಕುರ್ಚಿ. ಇನ್ನೊಂದು ಕುರ್ಚಿ ತರಬೇಕು ಅನ್ನುವ ಪ್ರಸಂಗವೇ ಅವನಿಗೆ ಬಂದಿಲ್ಲ. ಶುಕ್ರವಾರ ಸಂಜೆ ಆಫೀಸಿನ ಮೆಟ್ಟಿಲಲ್ಲಿ “ಬರ್ತೀನಿ” ಅಂದವನು ಸೋಮವಾರದ ತನಕ ಬಾಯಿಬಿಟ್ಟು ಮಾತಾಡುವುದು ಅಕ್ಕನ ಜೊತೆ ಮಾತ್ರ.

ಅಕ್ಕ ಇರುವುದು ಒಂದು ದಿನದ ಪ್ರಯಾಣದಷ್ಟು ದೂರ, ಮಗಳ ಮನೆಯಲ್ಲಿ. ಭಾನುವಾರ ಬೆಳಿಗ್ಗೆ ಆಫೀಸಿನ ಲ್ಯಾಪ್‌ಟಾಪಿನಲ್ಲಿ ವಿಡಿಯೋ ಕಾಲ್. ಗುಂಡ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಕೂರುತ್ತಿದ್ದ. ಬೆನ್ನ ಹಿಂದಿನದೆಲ್ಲ ಮಬ್ಬಾಗಿ ಕಾಣುವಂತೆ ಮಾಡಿಯೇ ಕರೆ ಮಾಡುತ್ತಿದ್ದ.

“ಏನೋ ಅದು, ಹಿಂದೆಲ್ಲ ಹೊಗೆ ತುಂಬ್ಕೊಂಡಿದೆ?” ಅಂತ ಅಕ್ಕ ಕೇಳಿದರೆ, “ಸ್ನೇಹಿತರು ಬಂದಿದಾರಕ್ಕ, ಅವರು ಕಾಣ್ಬಾರ್ದು ಅಂತ” ಅಂದುಬಿಡುತ್ತಿದ್ದ.

“ಪ್ರತಿ ವಾರ ಬರ್ತಾರಾ?”

“ಮನೆ ತುಂಬಾ ಜನ ಇರ್ತಾರಕ್ಕ.”

ಎಂಥಾ ಸುಳ್ಳುಬುರುಕ ನೋಡಿ. ಆದರೆ ಪಾಪ, ಇನ್ನೇನು ಹೇಳಿಯಾನು? ಅವನನ್ನು ಒಂದು ದಡ ಸೇರಿಸಲಿಲ್ಲವಲ್ಲ ಅನ್ನುವುದೇ ಅಕ್ಕನ ಕೊರಗಾಗಿತ್ತು.

ಮಾತಿನ ನಡುವೆ ಅಕ್ಕ ನಕ್ಕಾಗ ಗುಂಡ ಆ ಕೀಲಿ ಒತ್ತಿ ಚಿತ್ರ ಹಿಡಿಯುತ್ತಿದ್ದ. ಕರೆ ಮುಗಿದ ಮೇಲೆ ಗಡಿಯಾರ, ಬ್ಯಾಟರಿ ಗುರುತು ಎಲ್ಲ ಕತ್ತರಿಸುತ್ತಿದ್ದ. ಮೂಲೆಯ ಸಣ್ಣ ಚೌಕದಲ್ಲಿ ಅವನ ಮುಖವೂ ಇರುತ್ತಿತ್ತಲ್ಲ, ಅದನ್ನೂ. ಆಮೇಲೆ ಕತ್ತರಿಸಿದ್ದನ್ನು ಮೂಲ ಚಿತ್ರದ ಮೇಲೇ ಸೇವ್ ಮಾಡಿ, ವಾರವಿಡೀ ಊಟ ಮಾಡುವಾಗ ನೋಡುತ್ತಿದ್ದ.

ಹೀಗಿರುವಾಗ ಅಕ್ಕನಿಗೆ ಮರೆವು ಹಿಡಿಯಿತು. ಮೊದಲು ಒಲೆ ಆರಿಸುವುದು, ಆಮೇಲೆ ದಾರಿ, ಆಮೇಲೆ ಮುಖಗಳು. ಒಂದು ಭಾನುವಾರ ಗುಂಡನನ್ನೇ ನೋಡುತ್ತಾ, “ಯಾರೇ ಇವರು?” ಅಂತ ಮಗಳನ್ನು ಕೇಳಿದಳು.

“ನಾನು ಕಣಕ್ಕ, ಗುಂಡ!”

“ಗುಂಡ ಚಿಕ್ಕೋನು,” ಅಂದಳು ಅಕ್ಕ, ತಮಾಷೆಗೂ ಒಂದು ಮಿತಿ ಬೇಡವಾ ಅನ್ನುವ ಮುಖದಲ್ಲಿ.

ಮುಂದಿನ ತಿಂಗಳು ಗುಂಡ ರಜೆ ಹಾಕಿ ಅಕ್ಕನನ್ನು ನೋಡಲು ಹೊರಡುವವನಿದ್ದ. ಗುರುತಿಲ್ಲದವರು ಒಳಗೆ ಬಂದರೆ ಅಕ್ಕ ಹೆದರಿ ಕಿರುಚುತ್ತಾಳೆ ಅಂತ ಸೊಸೆ ಹೇಳಿದ್ದಳು. ಸೊಸೆ ಅಂದರೆ ಅಕ್ಕನ ಮಗಳು. ತನ್ನನ್ನು ಕಂಡು ಅಕ್ಕ ಕಿರುಚಿದರೆ?

ಸೊಸೆಯೇ ಒಂದು ದಾರಿ ಹೇಳಿದಳು. “ಮಾಮ, ಅಮ್ಮನ ಜೊತೆ ನೀವಿರೋ ಒಂದು ಫೋಟೋ ಕಳ್ಸಿ. ಬೇರೆಯವರು ಒಬ್ಬೊಬ್ಬರೇ ಇದ್ರೆ ಗುರುತು ಸಿಗಲ್ಲ. ಜೊತೆಗೆ ತಾನೂ ಇದ್ರೆ, ‘ಇದು ನಾನು, ಹಾಗಾದ್ರೆ ಇವ್ರು ನಮ್ಮೋರೇ’ ಅಂತಾಳೆ. ನನ್ನ ಗಂಡನ್ನ ಹಾಗೇ ಒಪ್ಕೊಂಡಿದ್ದು. ಚಿಕ್ಕಂದಿನದ್ದು ಬೇಡ, ಈಗಿನ ಮುಖ ಇರ್ಬೇಕು.”

“ಬೇಕಾದಷ್ಟಿದೆ ತಾಳು,” ಅಂದ ಗುಂಡ.

ಇತ್ತು, ರಾಶಿ ರಾಶಿ ಇತ್ತು. ಅಕ್ಕ ನಗುವುದು, ಬೈಯುವುದು, ಕನ್ನಡಕ ಹುಡುಕುವುದು. ಒಂದರಲ್ಲಾದರೂ ಗುಂಡ ಇರಬೇಕಲ್ಲ! ಯಾವುದನ್ನು ತೆರೆದರೂ ಅಚ್ಚುಕಟ್ಟಾಗಿ, ಗೆರೆ ಎಳೆದ ಹಾಗೆ ಕತ್ತರಿಸಿದ ಅಂಚು. ಕಂಪ್ಯೂಟರಿನ ಕಸದಬುಟ್ಟಿ ತಡಕಾಡಿದ, ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನ ಕೈಕಾಲು ಹಿಡಿದ. “ಹಳೇದರ ಮೇಲೇ ಸೇವ್ ಮಾಡಿದೀರಲ್ಲ ಸಾರ್, ಎಲ್ಲಿಂದ ತರ್ಲಿ?” ಅಂದ ಅವನು. ಕೆಲಸದಲ್ಲಿ ಯಾರೂ ಬೆರಳು ಮಾಡಿ ತೋರಿಸದಿದ್ದ ಮನುಷ್ಯ, ಅವತ್ತು ತನ್ನ ಕೈಯನ್ನೇ ಶಪಿಸಿಕೊಂಡ.

ಕೊನೆಗೆ ತನ್ನ ಫೋಟೋ ತೆಗೆದು ಅಕ್ಕನ ಪಕ್ಕ ಅಂಟಿಸಿದ. ಬೆಳಕು ಹೊಂದಿಸಿದ, ನೆರಳು ಹೊಂದಿಸಿದ, ಕಳಿಸಿದ. ಸೊಸೆ ಸಂಜೆ ಫೋನ್ ಮಾಡಿದಳು. ಅಕ್ಕ ಚಿತ್ರದಲ್ಲಿ ತನ್ನನ್ನು ತಾನು ಗುರುತಿಸಿದಳಂತೆ. ಅವನ ಮೇಲೆ ಬೆರಳಿಟ್ಟು, “ಇವರ್ಯಾರೋ ಬಂದು ಕೂತಿದಾರೆ, ನಾನು ಕರೀಲಿಲ್ಲಪ್ಪ” ಅಂದಳಂತೆ.

ಉಳಿದದ್ದು ಒಂದೇ ದಾರಿ. ಬರುವ ಭಾನುವಾರದ ಕರೆಯನ್ನೇ, ಇಬ್ಬರೂ ಇರುವಂತೆ, ಏನೂ ಕತ್ತರಿಸದೆ ಹಿಡಿದು ಕಳಿಸುವುದು. ಸುಳ್ಳು ಅಂಟಿಸಿದ್ದು ಅಕ್ಕನಿಗೆ ತಿಳಿದುಬಿಟ್ಟಿತ್ತು. ಈ ಸಲ ಚಿತ್ರದಲ್ಲಿ ಸುಳ್ಳೇ ಇರಕೂಡದು ಅಂತ ಗುಂಡ ಹಿಂದಿನ ಮಬ್ಬನ್ನೂ ತೆಗೆದುಹಾಕಿದ. ಹಗ್ಗದ ಮೇಲಿನ ಬನಿಯನ್, ಸುಣ್ಣ ಉದುರಿದ ಗೋಡೆ, ಕಿಟಕಿಯಲ್ಲಿ ಬೋರಲು ಹಾಕಿದ ಒಂದು ತಟ್ಟೆ, ಒಂದು ಲೋಟ. ಎಲ್ಲ ಕಂಡವು.

ಕರೆ ಸೇರಿತು. ಗುಂಡ ಕೀಲಿ ಒತ್ತಿದ. ಗಡಿಯಾರ, ಬ್ಯಾಟರಿ, ಮೂಲೆಯ ಚೌಕದ ತನ್ನ ಬೋಳುತಲೆ, ನಡುವೆ ದೊಡ್ಡದಾಗಿ ಅಕ್ಕ. ಸಿಕ್ಕಿತು ಚಿತ್ರ. ಇನ್ನು ಮಾತಾಡಿಸೋಣ ಅಂತ ನೋಡಿದರೆ, ಅಕ್ಕ ಫೋನನ್ನು ಮೂಗಿನ ಹತ್ತಿರ ತಂದುಕೊಂಡು ದಿಟ್ಟಿಸುತ್ತಿದ್ದಾಳೆ. ಅವನ ಮುಖವನ್ನಲ್ಲ, ಹಿಂದಿನ ಕೋಣೆಯನ್ನು.

“ಒಬ್ರೇ ಇರೋದಾ ನೀವು?”

ಅಕ್ಕನೆದುರು ಎಂದೂ ಒಪ್ಪಿಕೊಳ್ಳದ ಮಾತು. “ಹೌದು, ಒಬ್ನೇ.”

“ಯಾರೂ ಬರಲ್ವಾ?”

“ಇಲ್ಲ. ಯಾರೂ ಬರಲ್ಲ.”

“ಅಯ್ಯೋ ಪಾಪ,” ಅಂತ ಅಕ್ಕ ಮಗಳ ಕಡೆ ತಿರುಗಿದಳು. “ನಮ್ಮ ಗುಂಡನೂ ಹೀಗೇ ಕಣೆ. ಮನೆ ತುಂಬಾ ಜನ ಅಂತ ನಂಗೆ ಸುಳ್ಳು ಹೇಳ್ತಾನೆ. ನಂಗೆ ಗೊತ್ತಾಗಲ್ಲ ಅನ್ಕೊಂಡಿದಾನೆ, ಪೆದ್ದ. ಇವರಿಗೆ ಅವನ ನಂಬರ್ ಕೊಡು. ಇಬ್ರೂ ಮಾತಾಡ್ಕೊಂಡಿರ್ಲಿ.”

ಸೊಸೆ ಪರದೆಯಲ್ಲಿದ್ದ ಗುಂಡನನ್ನು ನೋಡಿದಳು.

“ಕೊಡೇ ಅಂದ್ರೆ!” ಅಕ್ಕ ಗದರಿದಳು.

ಸೊಸೆ ಮುಖ ಆಚೆ ಮಾಡಿಕೊಂಡು ನಂಬರ್ ಹೇಳತೊಡಗಿದಳು. ಗುಂಡ ಪೆನ್ನು ತಗೊಂಡ. ಅಕ್ಕ ನೋಡುತ್ತಿದ್ದಳಲ್ಲ, ಬರೆಯದೆ ಇರುವುದು ಹೇಗೆ? ತನ್ನ ನಂಬರನ್ನು ತಾನೇ ಒಂದೊಂದೇ ಅಂಕಿಯಾಗಿ ಬರೆದುಕೊಂಡ.

“ನೀವೇ ಮಾಡ್ಬೇಕು, ಮರೀಬೇಡಿ,” ಅಂದಳು ಅಕ್ಕ. “ಅವನಾಗಿ ಅವನು ಯಾರ್ಗೂ ಮಾಡೋನಲ್ಲ.”

“ಮಾಡ್ತೀನಿ,” ಅಂದ ಗುಂಡ.