ಖಾನಾಪುರದ ಹಸಿರು ಗೆರೆಗಳು

ಇವತ್ತು ಮಧ್ಯಾಹ್ನ ಕಚೇರಿಯಲ್ಲಿ ಒಂದು ಕಂಪ್ಯೂಟರಿನ ಹಿಂಭಾಗಕ್ಕೆ ಬಗ್ಗಿದಾಗ ಕಾದ ಧೂಳಿನ ವಾಸನೆ ಬಂತು. ನಿಮಗೂ ಗೊತ್ತಿರಬೇಕು, ಮಳೆಗಾಲ ಮುಗಿದ ಮೇಲೆ ಮೊದಲ ಸಲ ಇಸ್ತ್ರಿಪೆಟ್ಟಿಗೆ ಹಚ್ಚಿದಾಗ ಬರುತ್ತದಲ್ಲ, ಅಂಥದ್ದು. ಲೆಕ್ಕಪತ್ರ ವಿಭಾಗದ ಮೇಡಂ ಪಕ್ಕದಲ್ಲಿ ನಿಂತು, ತಾವು ಏನೂ ಮಾಡಿಲ್ಲ, ಪರದೆ ತಾನಾಗಿಯೇ ಕುಣಿಯತೊಡಗಿತು ಎನ್ನುತ್ತಿದ್ದರು. ಎಲ್ಲರೂ ಹೀಗೇ ಹೇಳುತ್ತಾರೆ. ಬೆಳಗಾವಿಯ ಈ ಕಚೇರಿಯಲ್ಲಿ ಕಂಪ್ಯೂಟರುಗಳ ಆರೈಕೆ ನನ್ನ ಕೆಲಸ. ರೋಗಿಗಳಿಗಿಂತ ರೋಗಿಗಳ ಬಂಧುಗಳೇ ನನ್ನನ್ನು ಹೆಚ್ಚು ದಣಿಸುತ್ತಾರೆ. ಆದರೆ ಆ ವಾಸನೆ ನನ್ನನ್ನು ಒಂದು ಕ್ಷಣ ಖಾನಾಪುರಕ್ಕೆ, ದೊಡ್ಡವ್ವನ ಮನೆಗೆ ಎಳೆದೊಯ್ದಿತು.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಅವಳ ಮಗ ಮಲ್ಲಣ್ಣ ಬೆಳಗಾವಿಯಲ್ಲಿ ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿದ್ದ. ಅಲ್ಲಿ ಕೆಲಸ ಕಡಿಮೆಯಾಗಿ, ಅವನನ್ನು ವಾರಕ್ಕೆ ಎರಡು ಮೂರು ದಿನವಷ್ಟೇ ಕರೆಯತೊಡಗಿದಾಗ, ಅವನ ಹೆಂಡತಿ ಶೋಭಾ ವೈನಿ ಮನೆಯಲ್ಲೇ ಕುಳಿತು ಲಗ್ನಪತ್ರಿಕೆಗಳ ವಿನ್ಯಾಸ ಮಾಡಲು ಶುರುಮಾಡಿದಳು. ಅವಳ ತವರಿನಲ್ಲಿ ಮರಾಠಿ, ಇಲ್ಲಿ ಕನ್ನಡ. ಖಾನಾಪುರದ ಲಗ್ನಗಳಿಗೆ ಎರಡೂ ಬೇಕು. ಬೆಳಗಾವಿಯ ಒಂದು ಪ್ರೆಸ್ಸಿನವರು ಕೆಲಸ ಕಳಿಸುತ್ತಿದ್ದರು. ಅವಳಿಗೆ ಹಳೆಯದೊಂದು ಡೆಸ್ಕ್‌ಟಾಪ್ ಹುಡುಕಿಕೊಟ್ಟವಳು ನಾನು. ಹಾಗಾಗಿ ಅದರ ನೆಗಡಿ ಜ್ವರಗಳೂ ನನ್ನ ಪಾಲಿಗೇ ಬಂದವು.

ಅತ್ತೆ ಸೊಸೆ ನೇರವಾಗಿ ಮಾತಾಡುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಜಗಳವೇನೂ ಆಗಿರಲಿಲ್ಲ. ಸೊಸೆ ಹಗಲೆಲ್ಲಾ ಆ ಕಂಪ್ಯೂಟರ್ ಪೆಟ್ಟಿಗೆಯ ಮುಂದೆ ಕೂತಿರುತ್ತಾಳೆಂದು ದೊಡ್ಡವ್ವ ಒಮ್ಮೆ ಏನೋ ಅಂದಿದ್ದಳು. ವೈನಿ ತಿರುಗಿ ಏನೂ ಅನ್ನಲಿಲ್ಲ. ಆ ಏನೂ ಅನ್ನದಿರುವುದೇ ಬೆಳೆಯುತ್ತ ಹೋಯಿತು. ನಾನು ಹೋದರೆ ಇಬ್ಬರಿಗೂ ಅನುಕೂಲ. ಒಂದೇ ಅಡುಗೆಮನೆಯಲ್ಲಿ ನಿಂತು, "ಚಾದಾಗ ಸಕ್ಕರಿ ಹಾಕ್ಯಾಳೇನು ಕೇಳ ಯವ್ವಾ" ಎಂದು ದೊಡ್ಡವ್ವ ನನ್ನನ್ನು ಕೇಳುವಳು. "ಹಾಕೇನಂತ ಹೇಳ ತಂಗಿ" ಎಂದು ವೈನಿಯೂ ನನಗೇ ಹೇಳುವಳು. ಇಬ್ಬರ ನಡುವೆ ಒಂದು ಮೊಳ ಜಾಗ. ಅದರೊಳಗೆ ನಾನು.

ಲಗ್ನದ ಹಂಗಾಮು ಶುರುವಾಗುವ ಹೊತ್ತಿಗೆ ಪರದೆ ಕೆಟ್ಟಿತು. ಹಚ್ಚಿದ ಅರ್ಧ ತಾಸು ಎಲ್ಲ ಸರಿ. ಆಮೇಲೆ ಮೂಲೆಯಲ್ಲೊಂದು ಹಸಿರು ಗೆರೆ, ಅದರ ಪಕ್ಕ ಇನ್ನೊಂದು, ಬಳಿಕ ಚೌಕಚೌಕವಾಗಿ ಇಡೀ ಚಿತ್ರವೇ ಜಾರುತ್ತಿತ್ತು. ಪತ್ರಿಕೆಯ ತಲೆಯಲ್ಲಿದ್ದ ಗಣಪತಿಯ ಸೊಂಡಿಲು ವಧುವಿನ ಹೆಸರಿನ ಪಕ್ಕ ಬಂದು ಬೀಳುತ್ತಿತ್ತು. ವರನ ತಂದೆಯ ಹೆಸರು ಎರಡು ತುಂಡಾಗುತ್ತಿತ್ತು. ವೈನಿ ಫೋನಿನಲ್ಲಿ ಇದನ್ನೆಲ್ಲ ನಗುತ್ತಲೇ ಹೇಳಿದಳು. ಕೊನೆಗೆ ಮಾತ್ರ ದನಿ ಇಳಿಸಿ, ಪ್ರೆಸ್ಸಿನವರಿಗೆ ಎರಡು ಸಲ ತಡವಾಗಿದೆ, ಇನ್ನೊಂದು ಸಲ ಆದರೆ ಕೆಲಸ ಬೇರೆಯವರಿಗೆ ಕೊಡುತ್ತಾರಂತೆ ಎಂದಳು.

ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ದಿನಚರಿಯಲ್ಲಿ ಗೆರೆ ಎಳೆದು ಕೋಷ್ಟಕ ಮಾಡುವ ಚಟವಿದೆ. ಯಾವ ತಾರೀಖು ಬಸ್ಸು ತಡವಾಯಿತು, ಈ ತಿಂಗಳು ಎಷ್ಟು ಸಲ ಕೊಡೆ ಮರೆತೆ, ಎಲ್ಲಕ್ಕೂ ಲೆಕ್ಕವಿದೆ. ಇವಳು ನಾಳೆ ಗಂಡನ ಗೊರಕೆಯನ್ನೂ ಎಣಿಸುತ್ತಾಳೆ ಎಂದು ಅವ್ವ ನೆರೆಯವರ ಮುಂದೆ ಹೇಳುವುದುಂಟು. ಖಾನಾಪುರದ ಪರದೆಗೂ ಒಂದು ಪುಟ ತೆಗೆದೆ. ವಿಡಿಯೋ ಕೇಬಲ್ ಬದಲಿಸಿದ್ದು, ಉಪಯೋಗವಿಲ್ಲ. ಪರದೆಯನ್ನು ನಡೆಸುವ ಡ್ರೈವರ್ ತಂತ್ರಾಂಶ ತೆಗೆದು ಹೊಸದು ಹಾಕಿದ್ದು, ಉಪಯೋಗವಿಲ್ಲ. ಹೊಸದು ತೆಗೆದು ಹಳೆಯದು ಹಾಕಿದ್ದು, ಅದೂ ಇಲ್ಲ. ಪಕ್ಕದ ಮನೆಯ ಮಾನಿಟರ್ ತಂದು ಜೋಡಿಸಿದರೆ ಅದರಲ್ಲೂ ಅದೇ ಗೆರೆ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನು ಹೊರತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಕಾರ್ಡಿನ ಮೇಲಿನ ಪುಟ್ಟ ಫ್ಯಾನಿನ ಸಂದಿಯಲ್ಲಿ ಆಗ ಒಂದಿಷ್ಟು ಹಳದಿ ಕಂಡಿತ್ತು. ಖಾನಾಪುರದ ಮಣ್ಣು ಎಂದುಕೊಂಡೆ. ಭಾನುವಾರದ ಮೇಲೆ ಭಾನುವಾರ ಬೆಳಗಾವಿಯಿಂದ ಬಸ್ಸು ಹಿಡಿದು ಹೋಗುವುದು, ಸ್ಕ್ರೂ ಬಿಚ್ಚಿ ಸ್ಕ್ರೂ ಹಾಕುವುದು, ಸಂಜೆ ಜೋಲಿ ಹೊಡೆಯುತ್ತ ಹಿಂತಿರುಗುವುದು. ಬಸ್ಸಿನ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರೂ ಹಸಿರು ಗೆರೆಗಳೇ.

ಆ ಕೊನೆಯ ಭಾನುವಾರ ಹೋದಾಗ ವೈನಿ ಮುಖ ತೊಳೆದಿರಲಿಲ್ಲ. ಸೋಮವಾರ ಬೆಳಿಗ್ಗೆ ಒಂದು ಪತ್ರಿಕೆ ಪ್ರೆಸ್ಸಿಗೆ ಮುಟ್ಟಬೇಕಿತ್ತು. ಮುಟ್ಟದಿದ್ದರೆ ಆ ಹಂಗಾಮಿನ ಕೆಲಸವಷ್ಟೂ ಹೋಗುತ್ತಿತ್ತು. ಮಲ್ಲಣ್ಣ ಬಾಗಿಲಲ್ಲಿ ನಿಂತು, ಕೆಲಸವೇ ಹೋದ ಮೇಲೆ ಪೆಟ್ಟಿಗೆ ಯಾಕೆ, ಬಂದಷ್ಟಕ್ಕೆ ಮಾರಿಬಿಡೋಣ ಎಂದು, ಉತ್ತರಕ್ಕೆ ಕಾಯದೆ ಹೊರಗೆ ಹೋದ. ಮಾಡಲು ಬೇರೇನೂ ಉಳಿದಿರಲಿಲ್ಲ. ಕಾರ್ಡಿನ ಫ್ಯಾನನ್ನೇ ಬಿಚ್ಚಿದೆ. ಅದರ ಕೆಳಗೆ, ಶಾಖ ಹೊರಗೆ ಹೋಗಬೇಕಾದ ಅಲ್ಯೂಮಿನಿಯಂ ಪಟ್ಟಿಗಳ ನಡುವೆ, ಒಗ್ಗರಣೆಯ ಜಿಡ್ಡು ಹಿಡಿದ ಹಳದಿ ಪುಡಿ ಗಟ್ಟಿಯಾಗಿ ಕೂತಿತ್ತು. ಗಾಳಿ ಹೋಗಲು ಒಂದು ಸಂದಿಯೂ ಇರಲಿಲ್ಲ. ಇವತ್ತಿನಂಥದ್ದೇ ವಾಸನೆ ಹೊಡೆಯುವಷ್ಟು ಕಾರ್ಡು ಕಾದು ಕಾದು ಕಂಗೆಟ್ಟಿತ್ತು. ಅಷ್ಟೇ ರೋಗ. ಬೆರಳಿಗೆ ಹತ್ತಿದ್ದನ್ನು ಮೂಸಿದೆ. ಮಣ್ಣಲ್ಲ. ಅರಿಷಿಣ.

ತಲೆ ಎತ್ತಿದರೆ ದೊಡ್ಡವ್ವ ದೇವರ ಕೋಣೆಯ ಹೊಸ್ತಿಲಲ್ಲಿ ನಿಂತು ನನ್ನ ಬೆರಳನ್ನೇ ನೋಡುತ್ತಿದ್ದಳು. ಧೂಳು ದೊಡ್ಡವ್ವ, ಎಲ್ಲ ಮನೆಗಳಲ್ಲೂ ಇರುತ್ತದೆ ಎಂದೆ. ನನಗೆ ಸುಳ್ಳು ಸರಿಯಾಗಿ ಹೇಳಲು ಬರುವುದಿಲ್ಲ.

"ಧೂಳಲ್ಲ ಯವ್ವಾ. ಗುಡ್ಡದ ಭಂಡಾರ. ನಾನ ಹಾಕೇನಿ," ಎಂದಳು.

ಆಮೇಲೆ ನಿಧಾನವಾಗಿ ಹೇಳಿದಳು. ಮಂಗಳವಾರ, ಶುಕ್ರವಾರ ಪೂಜೆ ಮುಗಿಸಿ, ಸೊಸೆ ಅಡುಗೆಮನೆಯಲ್ಲಿರುವಾಗ, ಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸಿ ತೂತುಗಳ ಮೇಲೆ ಒಂದು ಚಿಟಿಕೆ ಭಂಡಾರ, ಗುಡ್ಡದ ದೇವಿಯ ಪ್ರಸಾದವಾಗಿ ತಂದ ಅರಿಷಿಣದ ಪುಡಿ, ಹಾರಿಸುತ್ತಿದ್ದಳಂತೆ. ಹೊರಗೆ ಹಚ್ಚಿದರೆ ಮಗ ನಗುತ್ತಾನೆಂದು ಒಳಗೇ. ಒಂದು ದಿನ ಪರದೆಯ ಮೇಲೆ ಗಣಪತಿ ಹರಿದದ್ದು ಕಂಡು, ಅವತ್ತಿನಿಂದ ದಿನಾ ಹಾಕಿದಳು. ಗೆರೆ ಹೆಚ್ಚಾದಷ್ಟೂ ಚಿಟಿಕೆಯೂ ಹೆಚ್ಚಾಯಿತು.

"ಮನಿ ನಡಿಯೂದು ಇದರ ಮ್ಯಾಲಲ್ಲೇನ? ಹಂಗಾರ ಇನ್ನ ಎಲ್ಲಿ ಹಚ್ಚಲಿ?" ಎಂದು ನನ್ನನ್ನು ಕೇಳಿದಳು.

ನನ್ನ ಕೋಷ್ಟಕದಲ್ಲಿ ಕೇಬಲ್ಲಿಗೆ, ಡ್ರೈವರಿಗೆ, ಮಾನಿಟರಿಗೆ ಜಾಗವಿತ್ತು. ಮನೆಯ ಮನುಷ್ಯರಿಗೆ ಒಂದು ಸಾಲೂ ಇರಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ವೈನಿ ಎದ್ದು, ನನ್ನನ್ನು ದಾಟಿ ಅತ್ತೆಯ ಎದುರು ಹೋಗಿ ನಿಂತಳು.

"ನನಗ ಹಚ್ಚರಿ, ಅತ್ತಿ," ಎಂದಳು. "ದುಡಿಯಾಕಿ ನಾನು."

ದೊಡ್ಡವ್ವ ಎಂದಿನಂತೆ ಮಾತನ್ನು ನನ್ನ ಕೈಗೆ ಕೊಡಲು ಈ ಕಡೆ ನೋಡಿದಳು. ನಾನು ಬಿದ್ದ ಸ್ಕ್ರೂ ಹುಡುಕುವವಳಂತೆ ಮೇಜಿನ ಕೆಳಗೆ ಬಗ್ಗಿದೆ. ಬೇಕೆಂದೇ ಬಹಳ ಹೊತ್ತು ಬಗ್ಗಿದ್ದೆ. ಮೇಲಿನಿಂದ ದೊಡ್ಡವ್ವನ ದನಿ ಕೇಳಿಸಿತು: "ಇತ್ತಾಗ ತಿರಗು, ಬೆಳಕಿಗೆ."

ನಾನು ಎದ್ದಾಗ ವೈನಿಯ ಹಣೆ ಪೂರ್ತಿ ಹಳದಿಯಾಗಿತ್ತು. ಹುಬ್ಬಿನ ಮೇಲೂ ಒಂದಿಷ್ಟು ಉದುರಿತ್ತು. ಅವಳು ಅದನ್ನು ಒರೆಸಿಕೊಳ್ಳದೆ, ಇನ್ನೆಷ್ಟು ಹೊತ್ತು ತಂಗಿ ಎಂದು ನನ್ನನ್ನು ಅವಸರಪಡಿಸಿದಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪಟ್ಟಿಗಳನ್ನೆಲ್ಲ ತಿಕ್ಕಿ ಫ್ಯಾನು ಕೂರಿಸಿಕೊಟ್ಟೆ. ಸಂಜೆಯ ತನಕ ಒಂದು ಗೆರೆಯೂ ಬರಲಿಲ್ಲ. ಪತ್ರಿಕೆ ಅವತ್ತೇ ಪ್ರೆಸ್ಸಿಗೆ ಹೋಯಿತು. ಆ ದಿನ ಚಹಾಕ್ಕೆ ಸಕ್ಕರೆ ಹಾಕಿದ್ದಾಳೋ ಇಲ್ಲವೋ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಇಬ್ಬರೂ ಹಾಕಿದ್ದರು.

ಹೀಗೆಲ್ಲ ನೆನಪಾಗಿ ನಾನು ಕೈ ಕಟ್ಟಿ ನಿಂತಿದ್ದನ್ನು ಕಂಡು, ರಿಪೇರಿ ಆಗುವುದಿಲ್ಲವೇನೋ ಎಂದು ಲೆಕ್ಕಪತ್ರದ ಮೇಡಂ ಹೆದರಿದರು. ಊಟದ ಹೊತ್ತು ಮೀರಿತ್ತು, ಬೆನ್ನು ನೋಯುತ್ತಿತ್ತು, ಇನ್ನೂ ಎರಡು ಕೋಣೆಗಳಿಂದ ಕರೆ ಬಂದಿತ್ತು. ಆದರೂ ಕುರ್ಚಿ ಎಳೆದು ಅವರನ್ನು ಕೂರಿಸಿ, ಇದು ಶುರುವಾದಾಗಿನಿಂದ ನಿಮ್ಮ ಕೆಲಸ ಹೇಗೆ ನಡೆದಿದೆ ಎಂದು ಕೇಳಿದೆ. ಅವರು ಪರದೆಯ ವಿಷಯ ಹೇಳಲು ಶುರುಮಾಡಿದರು, ಎರಡು ಮಾತಿಗೆ ಅದನ್ನು ಬಿಟ್ಟು ಬೇರೆ ಯಾವುದನ್ನೋ ಹೇಳತೊಡಗಿದರು. ನಾನು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು ಕೇಳುತ್ತ ಕೂತೆ.