ಪಂಚಾಕ್ಷರಯ್ಯನವರು ಕೇಳಿದ ಸಾಕ್ಷಿ

ಶಾಲೆ ಅರ್ಧಕ್ಕೆ ಬಿಟ್ಟವಳು ನಾನು. ಅಕ್ಷರ ಸೊಟ್ಟಗಿದ್ದರೆ, ಮಾತು ತಪ್ಪಿದ್ದರೆ ಓದುವವರು ಕ್ಷಮಿಸಬೇಕು. ನಮ್ಮ ಪಕ್ಕದ ಮನೆಯ ಪಂಚಾಕ್ಷರಯ್ಯನವರು ಹೊಳೆನರಸೀಪುರದ ಕಚೇರಿ ಮುಂದೆ ಅರ್ಜಿ ಬರೆಯುವವರು. ಮಳೆ ಬಂತೆಂದು ಯಾರಾದರೂ ಹೇಳಿದರೆ ಅವರ ಕೊಡೆ ಮುಟ್ಟಿ ನೋಡದೆ ಒಪ್ಪುವುದಿಲ್ಲ. ಅಮೆರಿಕದ ಮಾರ್ಮನ್ ಪಂಥದವರ ಧರ್ಮಗ್ರಂಥ ಗುಡ್ಡದಲ್ಲಿ ಹೂತಿದ್ದ ಚಿನ್ನದ ತಗಡುಗಳಿಂದ ಬಂದದ್ದಂತೆ ಎಂದು ಪತ್ರಿಕೆಯಲ್ಲಿ ಓದಿದ ಮೇಲೆ ಅವರಿಗೆ ಊಟವೇ ರುಚಿಸಲಿಲ್ಲ. ಸಂಜೆ ಜಗಲಿಯಲ್ಲಿ ಪಾತ್ರೆ ಅಂಗಡಿಯ ರಂಗಸ್ವಾಮಿ, “ಅನ್ನೊಂದು ಜನ ಕಣ್ಣಾರೆ ನೋಡವ್ರಂತೆ ಸಾ” ಎಂದರೆ, “ಪತ್ರಕ್ಕೆ ಇಬ್ರು ಸಾಕ್ಷಿ ಸಾಕು ಕಣಯ್ಯ. ಹನ್ನೊಂದು ಜನ ಬೇಕಾಯ್ತು ಅಂದ್ರೆ ಅನುಮಾನದ ಪತ್ರವೇಯ” ಎನ್ನುತ್ತಾರೆ. ಆ ಪಂಥ ಕಟ್ಟಿದವನು ಕಳ್ಳರಿಂದ ತಪ್ಪಿಸಿಕೊಳ್ಳಲು ಆ ತಗಡುಗಳನ್ನು ಹೊತ್ತು ಓಡಿದ್ದನಂತೆ ಎಂದು ರಂಗಸ್ವಾಮಿ ಹೇಳಿದಾಗ, ಪಂಚಾಕ್ಷರಯ್ಯನವರು ಅವನ ಅಂಗಡಿಯ ಹಿತ್ತಾಳೆ ತಟ್ಟೆಗಳ ಕಟ್ಟನ್ನೇ ಕಂಕುಳಲ್ಲಿಟ್ಟು ಹೊಳೆಯವರೆಗೂ ಓಡಿ ಬಂದು, “ಓಡ್ಬೋದು. ಆಮೇಲೆ ಧರ್ಮ ಹೇಳಕ್ಕೆ ಉಸಿರಿರಕಿಲ್ಲ” ಎಂದು ತೀರ್ಪು ಕೊಟ್ಟರು. ನಿನ್ನೆ ರಂಗಸ್ವಾಮಿ, “ಆ ಪಂಥ ಕಟ್ಟಿದೋನು ಸರಿಯಾಗಿ ಓದು ಬರದೋನಂತೆ. ಅಂಥೋನು ಅಷ್ಟು ದಪ್ಪ ಗ್ರಂಥ ತಾನೇ ಕಟ್ಟಕಾಯ್ತದಾ? ದೇವ್ರೇ ಕೊಟ್ಟಿರ್ಬೇಕು” ಎಂದ. ಪಂಚಾಕ್ಷರಯ್ಯನವರು ನಶ್ಯದ ಡಬ್ಬಿ ಮುಚ್ಚಿದರು. “ನಮ್ಮವ್ವ ರೇವಮ್ಮಂಗೆ ಒಂದಕ್ಷರ ಬರ್ತಿರ್ಲಿಲ್ಲ. ಬೀಸೋ ಕಲ್ಲಿನ ಮುಂದೆ ಕೂತು ನಲವತ್ತು ಹಾಡು ಕಟ್ಟಿದ್ಲು. ಯಾರೋ ಓದ್ದೋರ ಹಾಡು ಕದ್ದವ್ಳೆ ಅಂದ್ರು ಊರೋರು. ಆಗ ನಾನು ಇಸ್ಕೂಲುಡುಗ. ಸಾಕ್ಷಿ ಏನವ್ವ ಅಂತ ನಾನೂ ಕೇಳ್ಬುಟ್ಟೆ. ಆಮೇಲೆ ಅವಳು ಹಾಡ್ಲೇ ಇಲ್ಲ.” ಆ ನಲವತ್ತೂ ಅವರಿಗೆ ಇನ್ನೂ ಬಾಯಿಗೆ ಬರುತ್ತವೆ, ಆದರೆ ಬರೆಯಲು ಕೂತರೆ ಕೈ ಏಳುವುದಿಲ್ಲವಂತೆ. ನಾಳೆ ಕಾಗದ ತೆಗೆದುಕೊಂಡು ಹೋಗಿ, ಅವರು ಹೇಳಿದಂತೆ ನಾನು ಬರೆದುಕೊಳ್ಳುತ್ತೇನೆ. ಪ್ರತಿ ಹಾಡಿನ ಕೆಳಗೂ ಕಟ್ಟಿದವರು ರೇವಮ್ಮ ಎಂದು ಹಾಕುತ್ತೇನೆ.